ವಸತಿ ಶಾಲೆಯ ಹಳೆಯ ಫೋಟೊಗಳು: ಇಸವಿ ಬರೆದಿಲ್ಲ, ಕಾಲವನ್ನು ಗುರುತಿಸುವುದು ಹೇಗೆ?

ಪ್ರಶ್ನೆ
ನಾನು ಓದಿದ ವಸತಿ ಶಾಲೆಯ ಹಳೆಯ ಫೋಟೊಗಳು ಒಂದು ಟ್ರಂಕಿನ ತುಂಬ ಸಿಕ್ಕಿವೆ. ಸ್ಕ್ಯಾನ್ ಮಾಡಿ ಒಂದೊಂದಕ್ಕೂ ವಿವರ ಬರೆಯುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೇನೆ. ಯಾವುದರ ಹಿಂದೆಯೂ ಇಸವಿ ಇಲ್ಲ. ಕೆಲವು ತೆಳು ಕಾಗದದವು, ದಪ್ಪ ರಟ್ಟಿಗೆ ಅಂಟಿಸಿದವು; ಬೆಳ್ಳಗಿರಬೇಕಾದ ಕಡೆ ಹಳದಿಯಾಗಿವೆ. ಇನ್ನು ಕೆಲವನ್ನು ಓರೆಯಾಗಿ ಹಿಡಿದರೆ ಕಪ್ಪು ಭಾಗ ಕನ್ನಡಿಯಂತೆ ಹೊಳೆಯುತ್ತದೆ.

ಅವುಗಳಲ್ಲಿ ಒಂದು ಚಿತ್ರವನ್ನು ದಿನವೂ ತೆಗೆದು ನೋಡುತ್ತೇನೆ. ಹುಡುಗರು ಮಲಗುವ ಹಜಾರ, ಎರಡು ಸಾಲು ಕಬ್ಬಿಣದ ಮಂಚಗಳು, ಒಂದು ಸುಕ್ಕೂ ಇಲ್ಲದ ಹಾಸಿಗೆಗಳು. ಕಿಟಕಿಯಿಂದ ಮೂರನೆಯ ಮಂಚವಿರುವ ಜಾಗದಲ್ಲಿ ನಾನು ಆರು ವರ್ಷ ಮಲಗಿದ್ದೆ. ಚಿತ್ರದಲ್ಲಿ ಯಾರೂ ಇಲ್ಲ. ಬಾಗಿಲ ಬಳಿ ಮಾತ್ರ ಹೊಗೆಯಂಥ ಮಬ್ಬೊಂದಿದೆ. ಅದು ಕಲೆಯೋ, ಮನುಷ್ಯನೋ?

ಉತ್ತರ 1
ಹಳದಿಯಾದವು ಬಹುಶಃ ಆಲ್ಬುಮೆನ್ ಮುದ್ರಣಗಳು. ಮೊಟ್ಟೆಯ ಬಿಳಿಭಾಗ ಸವರಿದ ಈ ಕಾಗದ 1850ರಲ್ಲಿ ಬಂದು 1890ರ ದಶಕದವರೆಗೂ ವ್ಯಾಪಕ ಬಳಕೆಯಲ್ಲಿತ್ತು. ತೆಳುವಾದ್ದರಿಂದ ಸುರುಳಿಯಾಗುತ್ತದೆ, ಅದಕ್ಕೇ ರಟ್ಟಿಗೆ ಅಂಟಿಸುತ್ತಿದ್ದರು. ಕನ್ನಡಿ ಹೊಳಪಿನವು ಜೆಲಾಟಿನ್ ಎಂಬ ಅಂಟಿನ ಪದರದಲ್ಲಿ ಬೆಳ್ಳಿಯ ಕಣಗಳಿಂದ ಚಿತ್ರ ಮೂಡಿಸಿದ ಮುದ್ರಣಗಳಿರಬೇಕು. ಆ ಬೆಳ್ಳಿ ಮೇಲ್ಮೈಗೆ ಬಂದು ಹಾಗೆ ಹೊಳೆಯುತ್ತದೆ. ದಯವಿಟ್ಟು ಅದನ್ನು ಒರೆಸಲು ಹೋಗಬೇಡಿ. ರಟ್ಟಿನಿಂದ ಬಿಡಿಸುವುದೂ ಬೇಡ.

ಉತ್ತರ 2
ಕಟ್ಟಡದ ಚಿತ್ರಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿ. ಗೋಡೆಯ ಬಳ್ಳಿ ಯಾವ ಕಿಟಕಿಯವರೆಗೆ ಏರಿದೆ, ವಿದ್ಯುತ್ ತಂತಿ ಬಂದಿದೆಯೇ, ಹೊಸ ಭಾಗ ಎದ್ದಿದೆಯೇ? ಇಸವಿ ಸಿಗದಿದ್ದರೂ ಯಾವುದು ಮೊದಲು, ಯಾವುದು ನಂತರ ಎಂಬುದು ತಿಳಿಯುತ್ತದೆ. ಬಣ್ಣವನ್ನು ಮಾತ್ರ ಊಹಿಸಬೇಡಿ. ಆ ಕಾಲದಲ್ಲಿ ಕ್ಯಾಮೆರಾದೊಳಗೆ ಚಿತ್ರ ಮೂಡಿಸುತ್ತಿದ್ದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ನೀಲಿ ಸಮವಸ್ತ್ರ ಬೆಳ್ಳಗೆ, ಕೆಂಪು ಇಟ್ಟಿಗೆ ಕಪ್ಪಾಗಿ ಕಾಣಬಹುದು.

ಉತ್ತರ 3
ಆ ಮಬ್ಬು ಮನುಷ್ಯನೇ ಇರಬಹುದು. ಒಳಾಂಗಣದಲ್ಲಿ ಬೆಳಕು ಸಾಲದೆ ಮಸೂರವನ್ನು ಬಹಳ ಹೊತ್ತು ತೆರೆದಿಡುತ್ತಿದ್ದರು. ಉರಿಸಿದರೆ ಫ್ಲ್ಯಾಶ್‌ನಂತೆ ಬೆಳಕು ಕೊಡುವ ಮೆಗ್ನೀಸಿಯಂ ಪುಡಿ ಬಂದದ್ದೇ 1887ರಲ್ಲಿ. ಅಲುಗಾಡಿದವರು ಹೀಗೆ ಕರಗಿಹೋಗುತ್ತಾರೆ. ಪಾದಗಳನ್ನು ನೋಡಿ, ನಿಂತಲ್ಲೇ ಕೆಲಸ ಮಾಡುತ್ತಿದ್ದರೆ ಅವು ಸ್ಪಷ್ಟವಾಗಿ ಮೂಡಿರುತ್ತವೆ.

ಸುಕ್ಕಿಲ್ಲದ ಹಾಸಿಗೆಯನ್ನು ಅಲ್ಲಿನ ನಿತ್ಯದ ಬದುಕು ಎಂದು ಬರೆಯಬೇಡಿ. ಇಂಥ ಚಿತ್ರಗಳನ್ನು ಹೆಚ್ಚಾಗಿ ಶಾಲೆಯೇ ತೆಗೆಸುತ್ತಿತ್ತು. ಉದಾಹರಣೆಗೆ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1879ರಿಂದ 1918ರವರೆಗೆ ಇದ್ದ ಕಾರ್ಲೈಲ್ ವಸತಿ ಶಾಲೆಯಲ್ಲಿ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿ, ಅವರ ಭಾಷೆಯನ್ನು ನಿಷೇಧಿಸಿದ್ದರು. ನವಾಹೋ ಎಂಬ ಮೂಲನಿವಾಸಿ ಸಮುದಾಯದ ವಿದ್ಯಾರ್ಥಿ ಟಾಮ್ ಟೊರ್ಲಿನೊನ 1882 ಮತ್ತು 1885ರ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು 'ಸುಧಾರಣೆ' ಎಂದು ಪ್ರಚಾರ ಮಾಡಿದರು. ಆ ಎರಡು ಚಿತ್ರಗಳ ನಡುವಿನ ಮೂರು ವರ್ಷಗಳಲ್ಲಿ ಅವನು ಏನನ್ನು ಕಳೆದುಕೊಂಡ ಎಂಬುದು ಅವುಗಳಲ್ಲಿ ಇಲ್ಲ. ಅವನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು
ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿದೆ. ಮಬ್ಬಿನ ಕೆಳಗೆ ಎರಡು ಬರಿಗಾಲುಗಳು ಬೆರಳು ಎಣಿಸುವಷ್ಟು ಸ್ಪಷ್ಟವಾಗಿವೆ! ಪಕ್ಕದಲ್ಲಿ ಒಂದು ಬಕೆಟ್ಟು. ನಾನಿದ್ದ ಕಾಲದಲ್ಲೂ ನಾವು ಏಳುವ ಮುಂಚೆ ಯಾರೋ ಹಜಾರದ ಬಾಗಿಲಲ್ಲಿ ನೆಲ ಒರೆಸುತ್ತಿದ್ದರು. ಅವರ ಹೆಸರನ್ನು ನಾನು ಕೇಳಲೇ ಇಲ್ಲ. 'ಖಾಲಿ ಹಜಾರ' ಎಂದು ಬರೆದಿದ್ದ ವಿವರವನ್ನು ಅಳಿಸಿ, 'ಮಲಗುವ ಹಜಾರ. ಬಾಗಿಲ ಬಳಿ ಕೆಲಸದಲ್ಲಿರುವ ವ್ಯಕ್ತಿ' ಎಂದು ತಿದ್ದಿದ್ದೇನೆ.