ಹ್ಯಾರಿ ಫಾನ್ ಆರ್ನಿಮ್‌ಗೆ ಶಿಕ್ಷೆಯಾದದ್ದು ಕಾಗದಪತ್ರಗಳಿಗಾಗಿಯೇ?

ಪ್ರಶ್ನೆ:
ಕೌಂಟ್ ಹ್ಯಾರಿ ಫಾನ್ ಆರ್ನಿಮ್ (1824–1881) ಪೊಮೆರೇನಿಯಾದ ಜಮೀನ್ದಾರಿ ಮನೆತನದವರು. 1864ರಿಂದ ಪೋಪರ ಆಸ್ಥಾನದಲ್ಲಿ ಪ್ರಷ್ಯಾದ ಪ್ರತಿನಿಧಿಯಾಗಿದ್ದು, ಫ್ರಾನ್ಸ್–ಜರ್ಮನಿ ಯುದ್ಧವನ್ನು ಮುಗಿಸಿದ 1871ರ ಫ್ರಾಂಕ್‌ಫರ್ಟ್ ಒಪ್ಪಂದದ ಮಾತುಕತೆಯಲ್ಲಿ ಭಾಗವಹಿಸಿ, ಬಳಿಕ ಪ್ಯಾರಿಸ್ಸಿನಲ್ಲಿ ಜರ್ಮನ್ ಸಾಮ್ರಾಜ್ಯದ ರಾಯಭಾರಿಯಾದರು. ಅಂಥವರನ್ನು 1874ರ ಅಕ್ಟೋಬರ್‌ನಲ್ಲಿ ಬಂಧಿಸಿದ್ದು ದೂತಾವಾಸದ ಕಡತಗಳನ್ನು ಇಟ್ಟುಕೊಂಡದ್ದಕ್ಕಾಗಿಯೋ, ಚಾನ್ಸಲರ್ ಬಿಸ್ಮಾರ್ಕರ ವೈರದಿಂದಲೋ?

ಉತ್ತರ 1:
ಮೂಲ ಕಾರಣ ಫ್ರಾನ್ಸ್ ಕುರಿತ ನೀತಿಯೇ ಎಂದು ನನ್ನ ದೃಢವಾದ ಅಭಿಪ್ರಾಯ. ಸೋತ ಫ್ರಾನ್ಸ್ ಗಣರಾಜ್ಯವಾಗಿಯೇ ಉಳಿದರೆ ಯುರೋಪಿನ ರಾಜರು ಅದರೊಡನೆ ಸುಲಭವಾಗಿ ಮೈತ್ರಿ ಮಾಡಿಕೊಳ್ಳಲಾರರು ಎಂಬುದು ಬಿಸ್ಮಾರ್ಕರ ಲೆಕ್ಕಾಚಾರವಾಗಿತ್ತು. ಆರ್ನಿಮ್ ಅವರಾದರೋ ಗಣರಾಜ್ಯದ ಸೋಂಕು ಜರ್ಮನಿಗೂ ತಗಲೀತೆಂದು ಅಂಜಿ, ಅಲ್ಲಿ ಅರಸೊತ್ತಿಗೆ ಮರಳುವುದನ್ನೇ ಬಯಸಿದರು. ರಾಯಭಾರಿಗೆ ಸ್ವಂತ ಅಭಿಪ್ರಾಯ ಇರಬಹುದು. ಆದರೆ ಚಾನ್ಸಲರರನ್ನು ದಾಟಿ ಚಕ್ರವರ್ತಿ ಒಂದನೇ ವಿಲ್ಹೆಲ್ಮರ ಮನವೊಲಿಸಲು ಹೊರಟದ್ದನ್ನು ಬಿಸ್ಮಾರ್ಕ್ ಕ್ಷಮಿಸಲಿಲ್ಲ. ತಮ್ಮ ಸ್ಥಾನಕ್ಕೇ ಆರ್ನಿಮ್ ಕಣ್ಣಿಟ್ಟಿದ್ದಾರೆಂಬ ಶಂಕೆಯೂ ಅವರಿಗಿತ್ತು.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ರೋಮ್ ಅಧ್ಯಾಯವನ್ನು ಬಿಡುವಂತಿಲ್ಲ. ಪೋಪರು ದೋಷಾತೀತರೆಂದು ಸಾರಿದ ಕ್ಯಾಥೊಲಿಕ್ ಬಿಷಪ್ಪರ ಸಭೆಯಾದ 1869–70ರ ವ್ಯಾಟಿಕನ್ ಮಹಾಸಭೆಗೆ ಸರ್ಕಾರಗಳು ತಮ್ಮ ಪ್ರತಿನಿಧಿಗಳನ್ನು ಕಳುಹಿಸಬೇಕೆಂದು ಆರ್ನಿಮ್ ಸಲಹೆ ನೀಡಿದ್ದರು. ಬಿಸ್ಮಾರ್ಕ್ ಅದನ್ನು ತಳ್ಳಿಹಾಕಿದರು. 1874ರಲ್ಲಿ ಆರ್ನಿಮ್ ಅವರನ್ನು ಪ್ಯಾರಿಸ್ಸಿನಿಂದ ಹಿಂದಕ್ಕೆ ಕರೆಸಿದ ಮೇಲೆ, ಅವರ ಆ ಮುಂದಾಲೋಚನೆಯನ್ನು ಎತ್ತಿತೋರಿಸುವ ಪತ್ರಗಳು ವಿಯೆನ್ನಾದ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಅಲ್ಲಿಗೆ ಜಗಳ ಬೀದಿಗೆ ಬಂತು.

ಉತ್ತರ 3:
ಕಾನೂನಿನ ದೃಷ್ಟಿಯಿಂದ ಕೆಲವು ಮಾತು. ಪ್ಯಾರಿಸ್ಸಿಗೆ ಬಂದ ಹೊಸ ರಾಯಭಾರಿ ಹೋಹೆನ್‌ಲೋಹೆ ಅವರ ಕಾಲದಲ್ಲಿ ದೂತಾವಾಸದ ಕೆಲವು ಕಾಗದಗಳು ಇಲ್ಲದಿರುವುದು ಬೆಳಕಿಗೆ ಬಂತು. ಅವುಗಳಲ್ಲಿ ಕೆಲವು ಬಿಸ್ಮಾರ್ಕರೊಂದಿಗಿನ ವೈಯಕ್ತಿಕ ಕಲಹಕ್ಕೆ ಸಂಬಂಧಿಸಿದವಾದ್ದರಿಂದ ತಮ್ಮ ಸ್ವತ್ತೇ ಎಂದು ಆರ್ನಿಮ್ ವಾದಿಸಿದರು. ಈ ವಾದ ನನಗೆ ದುರ್ಬಲವೆನಿಸುತ್ತದೆ: ಮೇಲಧಿಕಾರಿ ಅಧಿಕೃತವಾಗಿ ಬರೆದ ಛೀಮಾರಿಯೂ ಕಚೇರಿಯ ದಾಖಲೆಯೇ ಅಲ್ಲವೇ? 1874ರ ಡಿಸೆಂಬರ್‌ನಲ್ಲಿ ಬರ್ಲಿನ್ ನ್ಯಾಯಾಲಯ ಮೂರು ತಿಂಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಅದು ಒಂಬತ್ತು ತಿಂಗಳಾಯಿತು. ಅಷ್ಟರಲ್ಲಿ ಅವರು ದೇಶ ಬಿಟ್ಟಿದ್ದರು.

ಸ್ವಿಟ್ಜರ್‌ಲೆಂಡಿನಿಂದ ಹೆಸರಿಲ್ಲದೆ ಪ್ರಕಟಿಸಿದ ‘ಪ್ರೊ ನಿಹಿಲೊ’ ಎಂಬ ಕಿರುಹೊತ್ತಗೆ ಅವರಿಗೆ ಇನ್ನಷ್ಟು ಕೇಡು ತಂದಿತು. ಅದರ ಆಧಾರದ ಮೇಲೆ ದೇಶದ್ರೋಹದ ಆರೋಪ ಹೊರಿಸಿ, 1876ರಲ್ಲಿ ಅವರ ಗೈರುಹಾಜರಿಯಲ್ಲೇ ಐದು ವರ್ಷಗಳ ಕಠಿಣ ಶಿಕ್ಷೆ ವಿಧಿಸಲಾಯಿತು. ಮರುವಿಚಾರಣೆಗೆ ಪ್ರಯತ್ನಿಸುತ್ತಿರುವಾಗಲೇ 1881ರ ಮೇ ತಿಂಗಳಲ್ಲಿ ನೀಸ್ ನಗರದಲ್ಲಿ ತೀರಿಕೊಂಡರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ 1876ರ ತಿದ್ದುಪಡಿಯಲ್ಲಿದೆ. ರಾಯಭಾರಿಯು ತನಗೆ ಬಂದ ಆದೇಶವನ್ನು ಉಲ್ಲಂಘಿಸುವುದು, ಸರ್ಕಾರದ ದಾರಿ ತಪ್ಪಿಸುವಂತೆ ಸುಳ್ಳು ವರದಿ ಮಾಡುವುದು ಅಪರಾಧವೆಂದು ಆ ವರ್ಷ ದಂಡಸಂಹಿತೆಗೆ ಹೊಸದಾಗಿ ಸೇರಿಸಿದರು. ಬಿಸ್ಮಾರ್ಕರಿಗೆ ನಿಜವಾಗಿ ನೋವಾಗಿದ್ದ ತಪ್ಪಿಗೆ ಅಲ್ಲಿಯವರೆಗೆ ಕಾನೂನೇ ಇರಲಿಲ್ಲ. ‘ಆರ್ನಿಮ್ ಕಲಮು’ ಎಂದೇ ಹೆಸರಾದ ಆ 353ಎ ವಿಧಿ ಜರ್ಮನಿಯಲ್ಲಿ ಇಂದಿಗೂ ಜಾರಿಯಲ್ಲಿದೆ.