ಪಳೆಯುಳಿಕೆಯೋ, ಹಳೆಯುಳಿಕೆಯೋ?

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಬಳಗದ ಮಕ್ಕಳನ್ನು ಮುಂದಿನ ತಿಂಗಳು ಡೆಕ್ಕನ್ ಕಾಲೇಜಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದಿದೆ. ಅವರಿಗಾಗಿ ಇನಾಮಗಾಂವದ ಉತ್ಖನನದ ಬಗ್ಗೆ ಒಂದು ಪುಟ ಬರೆದುಕೊಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಮೂರನೆಯ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ.

ಇನಾಮಗಾಂವ ಇದೇ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ, ಘೋಡ್ ನದಿಯ ದಂಡೆಯಲ್ಲಿದೆ. 1968ರಿಂದ 1983ರವರೆಗೆ ಅಲ್ಲಿ ಅಗೆದಾಗ ತಾಮ್ರಶಿಲಾಯುಗದ ಇಡೀ ಹಳ್ಳಿಯೇ ಬೆಳಕಿಗೆ ಬಂತು. ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಎಳೆಯ ಮಕ್ಕಳಾದರೆ ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಮಲಗಿಸಿ ಅದರೊಳಗೆ. ದೊಡ್ಡವರಾದರೆ ಪಾದ ಕತ್ತರಿಸಿ. ನಾನು ‘ಮೂರು ಸಾವಿರ ವರ್ಷ ಹಿಂದಿನ ಮಗುವಿನ ಪಳೆಯುಳಿಕೆ’ ಎಂದು ಬರೆದಿದ್ದೆ. ಪುರಾತತ್ತ್ವ ಓದಿದ ಗೆಳೆಯನೊಬ್ಬ ಅದನ್ನು ಹೊಡೆದುಹಾಕಿ, ಅಂಚಿನಲ್ಲಿ ‘ಇದು ಇನ್ನೂ ಎಲುಬು, ಕಲ್ಲಾಗಿಲ್ಲ’ ಎಂದು ಬರೆದ.

ಅವನ ವಾದ ಹೀಗಿದೆ. ಹಸಿ ಎಲುಬಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ, ಉಳಿದದ್ದರಲ್ಲಿ ಬಹುಪಾಲು ಕೊಲಾಜನ್ ಎಂಬ ಪ್ರೋಟೀನು. ಮಣ್ಣಿನಲ್ಲಿ ಕೊಲಾಜನ್ ಕರಗುತ್ತಾ ಹೋಗುತ್ತದೆ, ಅಂತರ್ಜಲದ ಖನಿಜಗಳು ಒಳಸೇರುತ್ತವೆ, ಕೊನೆಗೆ ಎಲುಬು ಕಲ್ಲಾಗುತ್ತದೆ. ಇದು ಬಹಳ ನಿಧಾನದ ಕೆಲಸ. ಹಳೆಯ ಎಲುಬು ಪ್ರಯೋಗಾಲಯಕ್ಕೆ ಬಂದರೆ ಮೊದಲು ಕೇಳುವುದು ಕೊಲಾಜನ್ ಎಷ್ಟು ಉಳಿದಿದೆ ಎಂದೇ. ಉಳಿದಿದ್ದರೆ ಕಾರ್ಬನ್ 14ರಿಂದ ಕಾಲ ತಿಳಿಯಬಹುದು, ಕಾರ್ಬನ್ನಿನ ಹಗುರ, ಭಾರದ ರೂಪಗಳ (ಐಸೊಟೋಪುಗಳ) ಪ್ರಮಾಣದಿಂದ ಆ ಮನುಷ್ಯ ಹೆಚ್ಚಾಗಿ ಉಂಡದ್ದು ಜೋಳ, ರಾಗಿಯ ಗುಂಪಿನ ಧಾನ್ಯವೋ ಅಕ್ಕಿ, ಗೋದಿಯ ಗುಂಪಿನದೋ ಎಂಬುದನ್ನೂ ಹೇಳಬಹುದು. ಪೂರ್ತಿ ಕಲ್ಲಾದದ್ದರಲ್ಲಿ ಇದಕ್ಕೆ ದಾರಿಯಿಲ್ಲ. ಒಳಸೇರಿದ ಫ್ಲೋರಿನ್ ಅಳೆದು, ಒಂದೇ ಗುಂಡಿಯಿಂದ ಬಂದವು ಎನ್ನುವ ಎರಡು ಎಲುಬುಗಳು ನಿಜಕ್ಕೂ ಓರಗೆಯವೇ ಎಂದು ಪರೀಕ್ಷಿಸುವುದೂ ಉಂಟು. ಮನುಷ್ಯನ ಬುರುಡೆಗೆ ವಾನರನ ದವಡೆ ಸೇರಿಸಿ ಆದಿಮಾನವನದೆಂದು ನಂಬಿಸಿದ ಇಂಗ್ಲೆಂಡಿನ ಪಿಲ್ಟ್‌ಡೌನ್ ತಲೆಬುರುಡೆಯ ಮೋಸ 1953ರಲ್ಲಿ ಬಯಲಾದದ್ದರಲ್ಲಿ ಈ ಅಳತೆಯ ಪಾಲು ದೊಡ್ಡದು.

ವಿಜ್ಞಾನವನ್ನು ನಾನು ಒಪ್ಪಿದೆ. ಆದರೆ ಪದ? ‘ಪಳೆಯ’ ಎಂದರೆ ಹಳೆಯ. ಅದರ ಮುಂದೆ ‘ಉಳಿಕೆ’. ಹಳೆಯದಾಗಿ ಉಳಿದದ್ದೆಲ್ಲ ಪಳೆಯುಳಿಕೆ ಆಗಬೇಕಲ್ಲವೇ? ಕಲ್ಲಾಗಿರಬೇಕೆಂಬ ಷರತ್ತು ಪದದೊಳಗೆ ಎಲ್ಲಿಯೂ ಇಲ್ಲ. ಮರಾಠಿಯವರ ‘ಜೀವಾಶ್ಮ’ದಲ್ಲಿ ಕಲ್ಲು ಮೈಯಲ್ಲೇ ಕುಳಿತಿದೆ, ಆದ್ದರಿಂದ ಅವರಿಗೆ ಈ ಗೊಂದಲವಿಲ್ಲ. (ಹಿಮದಲ್ಲಿ ಹೆಪ್ಪುಗಟ್ಟಿದ ಮ್ಯಾಮತ್ ಆನೆಯನ್ನು ಕರೆಯುವಾಗ ಅವರೂ ತಡವರಿಸಬೇಕಾದೀತು.) ಲ್ಯಾಟಿನ್ನಿನ ಮೂಲದಲ್ಲಿ ‘ಫಾಸಿಲ್’ ಎಂದರೂ ಅಗೆದು ತೆಗೆದದ್ದು ಎಂದಷ್ಟೇ ಅರ್ಥ. ಹಾಗೆಂದು ಕಲ್ಲಾದ ಜೀವಿಗಳಿಗಷ್ಟೇ ಪಳೆಯುಳಿಕೆ ಎನ್ನುವ ಬಳಕೆಯನ್ನು ಬಿಟ್ಟುಕೊಡಲೂ ಆಗದು. ಕಲ್ಲಿನ ಕೈಗೊಡಲಿಯನ್ನೇ ಪಳೆಯುಳಿಕೆ ಎಂದು ಕರೆದ ಸುದ್ದಿಯೊಂದನ್ನು ಓದಿದಾಗ ನನಗೂ ಮೈ ಉರಿದಿತ್ತು.

ಗೋದಾವರಿಯ ನಾಂದೂರ್ ಮಧಮೇಶ್ವರದಲ್ಲಿ ಸಿಕ್ಕ ಆನೆಯ ಬುರುಡೆಗೆ ಪಳೆಯುಳಿಕೆ ಎಂಬುದು ಸರಿಯಾದ ಹೆಸರು. ನಮ್ಮ ಹುಣಸಗಿ ಕಡೆಯ ಇಸಾಂಪುರದಲ್ಲಿ ಕಲ್ಲಿನ ಆಯುಧಗಳ ಜೊತೆ ದೊರೆತ ದನದ ಜಾತಿಯ ಹಲ್ಲುಗಳಿಗೂ ಸರಿ. ಅವುಗಳ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದಿದ್ದಾರೆ. ಇನಾಮಗಾಂವದ ಮಗು ಆ ಸಾಲಿನದಲ್ಲ. ಹಾಗಾದರೆ ಏನೆನ್ನೋಣ? ‘ಅವಶೇಷ’ ಎಂದರೆ ಹಾಳುಬಿದ್ದ ಗುಡಿಯ ಚಿತ್ರ ಕಣ್ಣ ಮುಂದೆ ಬರುತ್ತದೆ. ‘ಅಸ್ಥಿ’ ಎಂದರೆ ಕೆಟ್ಟಿತು: ನಮ್ಮಲ್ಲೂ ಮರಾಠಿಯಲ್ಲೂ ಅದು ಸುಟ್ಟ ಮೇಲೆ ಆರಿಸಿ ನದಿಗೆ ಬಿಡುವುದು, ಇಲ್ಲಿ ಹೂಳಿದ್ದಾರೆ. ‘ಮೂಳೆ’ ಎಂದರೆ ಧಾರವಾಡದವನಾದ ನನಗೆ ನಾಲಿಗೆ ತಿರುಗದು, ‘ಎಲುಬು’ ಎಂದರೆ ಬಳಗದ ಮೈಸೂರಿನವರು ನಗುತ್ತಾರೆ. ತಮಿಳಿನಲ್ಲಿ ಮೂಳೆಯ ಸೋದರಪದ ‘ಮೂಳೈ’ಗೆ ಮಿದುಳು, ಮಜ್ಜೆ ಎಂಬ ಅರ್ಥಗಳಿವೆ, ಎಲುಬಿಗೆ ಅಲ್ಲಿ ‘ಎಲುಂಬು’. ಮಜ್ಜೆಗಾಗಿ ಕಲ್ಲಿನಿಂದ ಒಡೆದ ದನದ ಎಲುಬಿನ ಬಗ್ಗೆ ಬರೆಯುವಾಗ ಮೂಳೆಯ ಆ ಅರ್ಥ ನಮ್ಮಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಇದನ್ನು ಇನ್ನೊಮ್ಮೆ ಚರ್ಚಿಸೋಣ.

ನನಗೆ ಹೊಳೆದದ್ದು ‘ಹಳೆಯುಳಿಕೆ’. ಕಲ್ಲಾದ, ಯುಗಗಳಾಚೆಯದಕ್ಕೆ ಪಕಾರ. ಎಲುಬು, ಮಡಕೆ, ಕೊಡಲಿ, ಕಲ್ಲಿನ ಚಕ್ಕೆಗಳಂಥ ಮನುಷ್ಯರ ಕಾಲದ್ದಕ್ಕೆ ಹಕಾರ. ಗೆಳೆಯ ಇದನ್ನು ಕೇಳಿ, ‘ಅಚ್ಚಿನವರು ಒಂದೇ ವಾರದಲ್ಲಿ ಎರಡನ್ನೂ ಕಲಸಿಹಾಕುತ್ತಾರೆ’ ಎಂದ. ಆ ಭಯ ನನಗೂ ಇದೆ. ಸದ್ಯಕ್ಕೆ ಮಕ್ಕಳ ಹಾಳೆಯಲ್ಲಿ ‘ಮಡಕೆಯೊಳಗೆ ಮಗುವಿನ ಎಲುಬುಗಳು’ ಎಂದೇ ಬರೆದಿದ್ದೇನೆ.

ನಿಮ್ಮಲ್ಲಿ ಕೇಳುವುದು ಎರಡು. ‘ಹಳೆಯುಳಿಕೆ’ ಈ ಮೊದಲೇ ಯಾರಾದರೂ ಬಳಸಿದ್ದನ್ನು ಕಂಡಿದ್ದೀರಾ? ಮತ್ತೊಂದು, ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬಗಳಿರುವ ಬಳ್ಳಾರಿ, ರಾಯಚೂರು, ಸುರಪುರದ ಕಡೆಯವರಿಗೆ: ಹೊಲ ಉಳುವಾಗ ಮೇಲೆದ್ದು ಬರುವ, ಹಗುರಾದ, ನಾಲಿಗೆಗೆ ಮುಟ್ಟಿಸಿದರೆ ಅಂಟಿಕೊಳ್ಳುವ ಹಳೆಯ ಎಲುಬಿಗೆ ನಿಮ್ಮೂರಿನ ಹಿರಿಯರು ಏನೆನ್ನುತ್ತಾರೆ?