ಬೀಥೋವನ್ ಸೊನಾಟಾಗೆ ಕರುಳಿನ ತಂತಿ: ಎ ತಂತಿ ಒಂದನ್ನು ಸ್ಟೀಲ್‌ಗೆ ಬದಲಿಸಬಹುದಾ?

ಹೇಗ್‌_ಚೆಲ್ಲೊ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಇಲ್ಲಿ ಹೇಗ್‌ನಲ್ಲಿ ನಮ್ಮದೊಂದು ಚಿಕ್ಕ ಸಂಗೀತ ಕಛೇರಿ ಇದೆ. ಬೀಥೋವನ್‌ನ ಓಪಸ್ 5ರ ಎರಡನೇ ಸೊನಾಟಾ, ಜಿ ಮೈನರ್, ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಮತ್ತು ಪಿಯಾನೊಗೆ. 1796ರಲ್ಲಿ ಬರ್ಲಿನ್‌ಗೆ ಹೋಗಿದ್ದಾಗ ಬರೆದದ್ದು. ಅಲ್ಲಿನ ರಾಜ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮ್ ತಾನೇ ಚೆಲ್ಲೊ ನುಡಿಸುತ್ತಿದ್ದ. ನನ್ನ ಗೆಳತಿಯ ಹತ್ತಿರ ಆ ಕಾಲದ ವಿಯೆನ್ನಾ ಮಾದರಿಯಲ್ಲಿ ಮಾಡಿದ ಫೋರ್ಟೆಪಿಯಾನೊ (ಪಿಯಾನೊದ ಹಳೆಯ ರೂಪ) ಇದೆ. ಅದಕ್ಕೆ ಹೊಂದಲಿ ಅಂತ ನಾನೂ ನನ್ನ ಚೆಲ್ಲೊದ ಸ್ಟೀಲ್ ತಂತಿ ಬಿಚ್ಚಿ ಕುರಿ ಕರುಳಿನ ತಂತಿ ಹಾಕಿದೆ. ನೆಲಕ್ಕೆ ಊರುವ ಕೆಳಗಿನ ಕಡ್ಡಿ ತೆಗೆದು, ಚೆಲ್ಲೊವನ್ನು ಮೀನಖಂಡಗಳ ನಡುವೆ ಹಿಡಿದು ಕೂರುತ್ತೇನೆ. ಎ ಸ್ವರದ ಶ್ರುತಿ 430 ಹರ್ಟ್ಸ್, ಈಗಿನದಕ್ಕಿಂತ ಸ್ವಲ್ಪ ಕೆಳಗೆ.

ತೊಂದರೆ ಎ ತಂತಿಯದು, ಅಂದರೆ ನಾಲ್ಕರಲ್ಲಿ ಅತಿ ಎತ್ತರದ ಸ್ವರದ್ದು. ಎಂಟೇ ದಿನಕ್ಕೆ ಕಮಾನು ತಾಗುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ನಾರು ಎದ್ದಿದೆ. ಮಳೆ ಬಂದ ದಿನ ಶ್ರುತಿ ನಿಲ್ಲುವುದೇ ಇಲ್ಲ. ನಾದವೂ ಸಣ್ಣ, ಹಿಂದಿನ ಸಾಲಿಗೆ ಮುಟ್ಟುತ್ತದೋ ಇಲ್ಲವೋ ಅಂತ ಭಯ. ಅದೊಂದನ್ನು ಸ್ಟೀಲ್ ಮಾಡಿಕೊಂಡರೆ ತಪ್ಪಾ?

ಕರುಳು_ತಂತಿ:
ಬೇಡ ಅಕ್ಕಾ, ದಯವಿಟ್ಟು ಬದಲಿಸಬೇಡಿ. ಒಂದು ತಂತಿ ಸ್ಟೀಲ್ ಆದರೆ ಉಳಿದ ಮೂರರ ಜೊತೆ ಅದರ ದನಿ ಸೇರುವುದಿಲ್ಲ. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಬೇರೆ ಯಾರೋ ಹಾಡಿದ ಹಾಗಿರುತ್ತದೆ.

ನಾರು ಎದ್ದರೆ ಎಳೆಯಬೇಡಿ, ಎಳೆದರೆ ಉದ್ದಕ್ಕೆ ಸಿಪ್ಪೆ ಬಿಟ್ಟುಕೊಂಡು ಬರುತ್ತದೆ. ನೇಲ್ ಕಟರ್‌ನಲ್ಲಿ ಬುಡಕ್ಕೆ ಕತ್ತರಿಸಿ. ಕೈ ಓಡಾಡುವ ಭಾಗಕ್ಕೆ ಒಂದೇ ಹನಿ ಬಾದಾಮಿ ಎಣ್ಣೆ ಸವರಿ ಒರೆಸಿ, ಕಮಾನಿನ ಜಾಗಕ್ಕೆ ತಾಗಿಸಬೇಡಿ. ಹೊಸ ತಂತಿ ಹಲವು ದಿನ ಹಿಗ್ಗುತ್ತಲೇ ಇರುತ್ತದೆ, ಹಾಗಾಗಿ ಕಛೇರಿಯ ಹಿಂದಿನ ದಿನ ಹಾಕುವ ಕೆಲಸ ಇಟ್ಟುಕೊಳ್ಳಬೇಡಿ.

ನಾದ ಸಣ್ಣಗಿದೆ ಅಂದಿರಿ. ನೀವು ಜಾಸ್ತಿ ಒತ್ತುತ್ತಿದ್ದೀರಿ ಅನಿಸುತ್ತದೆ. ಸ್ಟೀಲ್ ಒತ್ತಡ ತಡೆಯುತ್ತದೆ, ಕರುಳಿನ ತಂತಿಗೆ ಉಸಿರು ಕಟ್ಟುತ್ತದೆ. ಭಾರ ಬಿಡಿ, ಕಮಾನು ಉದ್ದಕ್ಕೆ ಓಡಲಿ.

ಮೊಣಕಾಲು_ಪೆಡಲ್:
ನಾನು ಫೋರ್ಟೆಪಿಯಾನೊ ನುಡಿಸುವವನು, ಆ ಕಡೆಯಿಂದ ಒಂದು ಮಾತು. ಮರದ ಚೌಕಟ್ಟು, ತೆಳು ತಂತಿ, ಸುತ್ತಿಗೆಗೆ ಚರ್ಮ. ನಾವು ನಿಮ್ಮ ದನಿ ಮುಚ್ಚುವುದಿಲ್ಲ. ಈಗಿನ ದೊಡ್ಡ ಪಿಯಾನೊ ಮುಂದೆ ಚೆಲ್ಲೊ ಕೂಗಬೇಕಾಗುತ್ತದೆ, ಇಲ್ಲಿ ಅದು ಬೇಡ.

ಮೊದಲ ಅಡಾಜಿಯೊ (ನಿಧಾನದ ಭಾಗ) ಮುಗಿಯುವ ಕಡೆ ಉದ್ದುದ್ದ ಮೌನಗಳಿವೆ, ಅಲ್ವಾ? ದೊಡ್ಡ ಪಿಯಾನೊದಲ್ಲಿ ಸ್ವರ ಅಲ್ಲಿ ಗುಂಯ್ ಅಂತ ಉಳಿದುಬಿಡುತ್ತದೆ. ನಮ್ಮ ವಾದ್ಯದಲ್ಲಿ ಅದು ಬೇಗ ಸಾಯುತ್ತದೆ, ಮೌನ ನಿಜಕ್ಕೂ ಖಾಲಿಯಾಗುತ್ತದೆ. ಅಷ್ಟು ಖಾಲಿಯಲ್ಲಿ ನಿಮ್ಮ ಪಿಸುಮಾತೂ ಹಿಂದಿನ ಗೋಡೆ ಮುಟ್ಟುತ್ತದೆ. ಆ ಜಾಗದಲ್ಲಿ ಅವಸರ ಮಾಡಬೇಡಿ, ಮೌನವನ್ನು ಪೂರ್ತಿ ಎಣಿಸಿ.

ಹೇಗ್‌_ಚೆಲ್ಲೊ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಗೆಳತಿಯ ಮನೆಯಲ್ಲಿ ಫೋನನ್ನು ಕೋಣೆಯ ಆ ತುದಿಯ ಕಿಟಕಿಯ ಮೇಲಿಟ್ಟು ರೆಕಾರ್ಡ್ ಮಾಡಿದೆವು. ಕಮಾನಿನ ಭಾರ ಬಿಟ್ಟ ಸಲ ಚೆಲ್ಲೊ ಸ್ಪಷ್ಟವಾಗಿ ಕೇಳಿಸಿತು, ಒತ್ತಿದ ಸಲವೇ ಮಂಕಾಗಿತ್ತು! ಮೌನದಲ್ಲಿ ಗೆಳತಿ ಮೊಣಕಾಲಿನಿಂದ ಪೆಡಲ್ ಇಳಿಸುವ ಸಣ್ಣ ಟಕ್ ಕೂಡ ಬಂದಿದೆ. ಸ್ಟೀಲ್ ತಂತಿ ಡಬ್ಬಿಗೆ ಹೋಯಿತು. ಇನ್ನೊಂದು ಕರುಳಿನ ಎ ತಂತಿಗೆ ಇವತ್ತೇ ಆರ್ಡರ್ ಹಾಕಿದ್ದೇನೆ, ಕಛೇರಿಗೆ ಎರಡು ವಾರ ಮುಂಚೆ ಏರಿಸುತ್ತೇನೆ.